ಅವ್ವನ ಬಾಯಲ್ಲಿ ಮಿಶ್ರಿ ಇರುವಾಗ

ಕುಸನೂರಿನ ನಮ್ಮ ಮನೆಯ ಹಿಂದಿನ ಕಿಟಕಿಯಿಂದ ಇವತ್ತು ಬೆಳಿಗ್ಗೆ ಯಾರೋ ತಂಬಾಕು ಹುರಿಯುವ ವಾಸನೆ ಬಂತು. ಎರಡು ಸಲ ಸೀನಿದೆ, ಮೂರನೆಯದಕ್ಕೆ ಕಾಯುತ್ತ ನಿಂತೆ. ಈ ವಾಸನೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ತಂಬಾಕನ್ನು ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು, ಪುಡಿ ಮಾಡಿ, ಹಲ್ಲಿಗೂ ವಸಡಿಗೂ ಉಜ್ಜಿಕೊಂಡು ಕೂಡುವುದಕ್ಕೆ ನಮ್ಮ ಕಡೆ ಮಿಶ್ರಿ ಹಚ್ಚುವುದು ಎನ್ನುತ್ತಾರೆ. ಹೆಚ್ಚಾಗಿ ಹೆಂಗಸರ ಚಟ. ಹಲ್ಲಿಗೆ ಒಳ್ಳೆಯದೆಂಬ ನೆಪವಿದ್ದುದರಿಂದ ಯಾರೂ ಅದನ್ನು ಚಟವೆಂದು ಕರೆಯುತ್ತಿರಲಿಲ್ಲ.

ನಮ್ಮ ಅವ್ವ ದಿನಕ್ಕೆ ಮೂರು ಸಲ ಹಚ್ಚುತ್ತಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಮಲಾಪುರದ ಸರಕಾರಿ ದವಾಖಾನೆಯಲ್ಲಿ ಆರೋಗ್ಯ ಶಿಕ್ಷಕಿ. ತಂಬಾಕು ಬಿಡಿರಿ ಎಂದು ಊರಿಗೆಲ್ಲ ಹೇಳುವುದು ನನ್ನ ನೌಕರಿ. ಆಗ ನಮ್ಮ ಮನೆ ಕಲಬುರಗಿಯಲ್ಲಿ, ರೋಜಾ ಬಡಾವಣೆಯ ಹತ್ತಿರ. ಅಪ್ಪ ತೀರಿಕೊಂಡು ಎಂಟು ವರ್ಷವಾಗಿತ್ತು, ನನಗಿನ್ನೂ ಮದುವೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಕಮಲಾಪುರದ ಬಸ್ಸು ಹಿಡಿಯುವ ಮೊದಲು ಅವ್ವನಿಗೊಂದು ಭಾಷಣ ಕೊಟ್ಟು ಹೊರಡುತ್ತಿದ್ದೆ. ಅವಳು ಮಿಶ್ರಿ ತುಂಬಿದ ಬಾಯಿಂದ "ಹೂಂ" ಎನ್ನುತ್ತಿದ್ದಳು. ಆ ಹೂಂ ಅನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ, ಎಂಥ ಜಾಣೆ ನೋಡಿ.

ಒಮ್ಮೆ ಅವಳ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಮುಂದೆ ಇದು ಕ್ಯಾನ್ಸರ್ ಆಗಬಹುದು, ಈಗಲೇ ಮಿಶ್ರಿ ಬಿಟ್ಟರೆ ಹೋದರೂ ಹೋದೀತು ಎಂದರು ಡಾಕ್ಟರು. ಮನೆಗೆ ಬಂದವಳೇ ಮಿಶ್ರಿಯ ಡಬ್ಬಿಯನ್ನು ಗಟಾರಕ್ಕೆ ಎಸೆದೆ. ಅವಳು ಹೊಸದು ತಂದು ರವೆಯ ಡಬ್ಬದಲ್ಲಿಟ್ಟಳು. ಅದನ್ನೂ ಎಸೆದೆ. ಮೂರನೆಯದು ಎಲ್ಲಿತ್ತೋ, ನನಗೆ ಕೊನೆಯವರೆಗೂ ಸಿಗಲಿಲ್ಲ.

ನನ್ನ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯ ನರ್ಸ್ ಖಮರ್ ಸಿಸ್ಟರ್ ಮುಂದೆ ಅತ್ತುಬಿಟ್ಟೆ. ಈ ಖಮರ್ ಸಿಸ್ಟರ್ ನನಗೊಂದು ಒಗಟು. ನಾನು ಚಿತ್ರಪಟ ಹಿಡಿದು ಗಂಟಲು ಹರಿದುಕೊಂಡರೂ ತಲೆಯಾಡಿಸಿ ಎದ್ದುಹೋಗುವ ಹೆಂಗಸರು, ಹತ್ತಿಯ ಉಂಡೆ ಮಾಡುತ್ತ ಸುಮ್ಮನೆ ಕೂತ ಆಕೆಯ ಎದುರು ಮನೆಯ ಕಥೆಯನ್ನೆಲ್ಲ ಬಿಚ್ಚುತ್ತಿದ್ದರು.

"ಹೇಳೂದು ಬಿಟ್ಟು ಒಂದ್ಸಲ ಕೇಳಿ ನೋಡಿಯೇನು ತಂಗಿ?" ಎಂದರು.

"ಏನ್ ಕೇಳಬೇಕ್ರಿ?"

"ಮಿಶ್ರಿಯಾಗ ಆಕೀಗಿ ಏನ್ ಸುಖ ಅದ ಅಂತ."

ವಿಷದಲ್ಲಿ ಸುಖವೇನು ಎಂದು ಕೇಳುವುದೇ? ನನಗೆ ಸಿಟ್ಟು ಬಂತು. ಆದರೂ ಭಾನುವಾರ ಅವರನ್ನು ಮನೆಗೆ ಕರೆದೆ. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಸಿಸ್ಟರ್ ತಾವೂ ಒಂದು ಹಿಡಿ ತೆಗೆದುಕೊಂಡು ಸುಲಿಯತೊಡಗಿದರು.

"ಅವ್ವಾರ, ಮಿಶ್ರಿ ಹಚ್ಚಿದ್ರ ಹ್ಯಾಂಗ ಅನಸ್ತದ್ರಿ?"

"ನಂಗ ಬೈಲಾಕ ಬಂದೀರೇನು?"

"ಇಲ್ರೀ. ನಂಗ ಗೊತ್ತಿಲ್ಲ, ಅದಕ್ಕ ಕೇಳ್ಲಾಕತ್ತೀನಿ."

ಅವ್ವ ಶೇಂಗಾದ ಮೊರವನ್ನು ಅವರ ಕಡೆ ಸರಿಸಿದಳು. ಆಮೇಲೆ ಶುರುಮಾಡಿದಳು. "ಲಗ್ನ ಆಗಿ ಬಂದಾಗ ಹಲ್ಲು ನೋಯ್ತಿತ್ತು, ಅತ್ತಿ ಕೊಟ್ಟಳು. ನೋವು ಹೋಯ್ತು, ಮಿಶ್ರಿ ಉಳೀತು. ಇಕೀ ಅಪ್ಪಾರಿಗಿ ಮುಂಜಾನಿ ಎದ್ದ ಕೂಡ್ಲೇ ಸಿಟ್ಟು. ಚಾ ತಣ್ಣಗ ಆಗ್ಯಾದ, ಅಂಗಿ ಗುಂಡಿ ಹೋಗ್ಯಾದ. ಬಾಯಾಗ ಮಿಶ್ರಿ ಇದ್ರ ಎದುರು ಮಾತಾಡ್ಲಾಕ ಬರಂಗಿಲ್ಲ ನೋಡ್ರಿ. ನಾ ಉಗುಳಿ ಬರೂದ್ರಾಗ ಅವ್ರು ಹೊರಗ ಹೋಗಿರ್ತಿದ್ರು."

"ಅಂದ್ರ ಜಗಳ ಬೆಳೀಬಾರದು ಅಂತ ಬಾಯಿ ಕಟ್ಕೊಂಡ್ರಿ."

"ಹೂಂನ್ರಿ."

"ಅವ್ರು ಹೋಗಿ ಎಂಟು ವರ್ಷ ಆಯ್ತು. ಈಗ ಯಾರ ಸಲುವಾಗಿ ಕಟ್ಕೋತೀರಿ?"

ಅವ್ವ ನಾಲ್ಕಾರು ಶೇಂಗಾ ಸುಲಿದಳು. ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. "ಇಕೀ ಸಲುವಾಗಿ. ಮುಂಜಾನಿ ಎದ್ರ ಕ್ಯಾನ್ಸರ್, ಕ್ಯಾನ್ಸರ್. ಎದುರು ಮಾತಾಡಿದ್ರ ಅಳ್ತಾಳ. ಅದಕ್ಕ ಒಂದು ಚಿಮುಟಿ ಹೆಚ್ಚೇ ಹಚ್ತೀನಿ."

ಸಮರ್ಥನೆಗೆ ಬಾಯಿ ತೆರೆದೆ. ಸಿಸ್ಟರ್ ನನ್ನ ಕೈಗೊಂದು ಹಿಡಿ ಶೇಂಗಾ ಸುರಿದರು. ಸುಮ್ಮನೆ ಸುಲಿದೆ.

"ಹಂಗಾದ್ರ ಬಿಡೂದು ಬ್ಯಾಡಂತೀರೇನ್ರಿ?" ಅವರು ಅವ್ವನನ್ನು ಕೇಳಿದರು.

"ಬ್ಯಾಡಂತ ಯಾರಂದ್ರು? ಬಾಯಿ ಉರೀತದ. ಹಸಿ ಖಾರ ತಿಂದು ತಿಂಗಳಾಯ್ತು. ನಂಗೂ ಅಂಜಿಕಿ ಬರ್ತದ್ರೀ." ತಾನೇ ಮುಂದುವರಿಸಿದಳು. "ಮಧ್ಯಾಹ್ನಂದು, ಸಂಜಿಂದು ಬಿಡ್ತೀನಿ. ಮುಂಜಾನಿಂದು ಇಕೀ ಕೈಯಾಗ ಅದ."

ಅವ್ವ ತನ್ನ ಎರಡನ್ನು ಬಿಟ್ಟಳು. ನನ್ನ ಒಂದು ಭಾಷಣವನ್ನು ಬಿಡಲು ನಾನು ಪಟ್ಟ ಪಾಡು ಹೇಳತೀರದು. ಸೋಮವಾರ ಸುಮ್ಮನಿದ್ದೆ, ಮಂಗಳವಾರವೂ. ಬುಧವಾರ ನಾಲಿಗೆ ತಡೆಯಲಿಲ್ಲ. ಅವ್ವ ಎದ್ದುಹೋಗಿ ಹಚ್ಚಿಕೊಂಡು ಬಂದಳು. ಚಟ ಬಿಡುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಹಾಗೆ. ಮತ್ತೆ ಮೊದಲಿಂದ ಶುರುಮಾಡಿದೆ.

ಹೀಗೆ ಬಿದ್ದು ಎದ್ದು ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅವ್ವ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ ಬಂದು ಹೊಸ್ತಿಲ ಬಳಿ ಕೂತು ಮಾತಾಡತೊಡಗಿದಳು. ಮೊದಲು ಅಪ್ಪನಿಗೆ. ತಣ್ಣಗಾದ ಚಹಕ್ಕೆ, ಹೋದ ಗುಂಡಿಗೆ, ಅಂದು ಕೊಡದ ಜವಾಬನ್ನೆಲ್ಲ ಕೊಟ್ಟಳು. ನಂತರ ನನ್ನ ಸರದಿ. "ಗಟಾರಕ್ಕ ಒಗದ್ಯಲ್ಲ ಮೊದಲನೇ ಡಬ್ಬಿ, ಅದು ನಮ್ಮವ್ವ ಕೊಟ್ಟ ಹಿತ್ತಾಳಿ ಡಬ್ಬಿ ಇತ್ತು. ಒಗಿಯೂಕಿಂತ ಮೊದಲು ಒಂದು ಮಾತು ಕೇಳಿದೇನು ನೀ?" ಕೇಳಿರಲಿಲ್ಲ. ಬಸ್ಸಿನ ಹೊತ್ತು ಮೀರಿತು, ನಾನು ಏಳಲಿಲ್ಲ.

ಮಚ್ಚೆ ನಿಧಾನವಾಗಿ ಕರಗಿತು. ಅವ್ವ ರೊಟ್ಟಿಯ ಜೊತೆ ಹಸಿ ಖಾರ ತಿಂದು ಕಣ್ಣೀರು ಒರೆಸಿಕೊಂಡ ದಿನ ನಾನೂ ಒರೆಸಿಕೊಂಡೆ. ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ, ಹೀಗೆ ಕೇಳಿ ಕೇಳಿಯೇ ಮನಸ್ಸು ತಿರುಗಿಸುವ ವಿದ್ಯೆಗೆ ಉದ್ದನೆಯ ಹೆಸರಿದೆ ಎಂದು ಹೇಳಿಕೊಟ್ಟರು. ಬರೆದುಕೊಂಡೆ. ಶೇಂಗಾ ಸುಲಿಯುವ ವಿಷಯ ಅದರಲ್ಲಿರಲಿಲ್ಲ.

ಇವತ್ತು ಸೀನಿ ಮುಗಿಸಿ ಅಡುಗೆಮನೆಗೆ ಬಂದರೆ ಮಗಳು ಕಾಲೇಜಿಗೆ ಹೊರಟು ನಿಂತಿದ್ದಳು. ನನಗೀಗ ಸಕ್ಕರೆ ಕಾಯಿಲೆ. ಅವಳದು ದಿನಾ ಬೆಳಿಗ್ಗೆ ಉಪದೇಶ. "ಗುಳಿಗಿ ತಗೊಂಡಿ ಇಲ್ಲ? ಎಷ್ಟ್ ಸಲ ಹೇಳ್ಬೇಕಮ್ಮ ನಿಂಗ?" ನನ್ನ ಕೈ ತಾನಾಗಿಯೇ ಹೋಗಿ ತಟ್ಟೆಯಲ್ಲಿದ್ದ ಶೇಂಗಾ ಹೋಳಿಗೆಯನ್ನು ಬಾಯಿಯವರೆಗೆ ತಂದಿತ್ತು. ಹಸಿವಿರಲಿಲ್ಲ. ಬಾಯಿ ತುಂಬಿದರೆ ಜವಾಬು ಕೊಡುವ ಕೆಲಸ ತಪ್ಪುತ್ತಿತ್ತು.

ಹೋಳಿಗೆಯನ್ನು ಕೆಳಗಿಟ್ಟೆ.

"ಒಂದೀಟು ಕೂಡು," ಎಂದೆ. "ಕಣ್ಣು ಹೋಗ್ತಾವೇನೋ ಅಂತ ನಂಗ ಭಾಳ ಅಂಜಿಕಿ ಆಗ್ಯಾದ. ಗುಳಿಗಿ ನೋಡಿದ್ರ ಅದೇ ನೆನಪಾಗ್ತದ, ಅದಕ್ಕ ಮುಟ್ಟಂಗಿಲ್ಲ."

ಮಗಳು ಗಡಿಯಾರ ನೋಡಿದಳು. ಹೆಗಲ ಮೇಲಿನ ಬ್ಯಾಗು ಇಳಿಸಿ ನನ್ನ ಎದುರು ಕೂತಳು.