ತಮ್ಮನ ಪಾಲಿನ ಹೋಳಿಗೆ

ಹುಲಿಹೈದರದ ಕರಿಯವ್ವ ಅರ್ಧ ರೊಟ್ಟಿಯ ಹೆಂಗಸು. ಗಂಗಾವತಿ ಕಡೆ ಭತ್ತದ ನಾಟಿಗೆ ಹೋದಾಗಲೂ ಉಳಿದವರು ಬುತ್ತಿ ಬಿಚ್ಚಿ ಗಡದ್ದಾಗಿ ಉಂಡರೆ, ಇವಳು ಅರ್ಧ ಮುರಿದು ತಿಂದು ಉಳಿದದ್ದನ್ನು ಸೆರಗಿಗೆ ಕಟ್ಟುತ್ತಿದ್ದಳು. ತಮ್ಮ ಮಾರೆಪ್ಪನಿಗೆ. ಅವ್ವ ಸತ್ತಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ; ಅಂದಿನಿಂದ ಅವನ ಹೊಟ್ಟೆಯ ಉಸಾಬರಿ ಇವಳದೇ. ಆ ಅರ್ಧ ರೊಟ್ಟಿಗಳೇ ಕೂಡಿ ಎಂಥ ಆಳಾದ ನೋಡಿ! ಬಾಗಿಲಿಗೆ ಅಡ್ಡ ನಿಂತರೆ ಮನೆ ಕತ್ತಲಾಗುತ್ತಿತ್ತು.

ಇಂಥ ಮಾರೆಪ್ಪ ಎಪ್ಪತ್ತೇಳನೇ ಇಸವಿಯ ಕಾರಹುಣ್ಣಿಮೆಯಂದು ಮಾನ ಕಳೆದುಕೊಂಡ. ಅವರ ಓಣಿಯಲ್ಲೊಂದು ರೂಢಿ. ಹುಣ್ಣಿಮೆಯ ಸಂಜೆ ಗರಡಿಯ ಮುಂದೆ ಗುಂಡುಕಲ್ಲು ಎತ್ತುವವನು ಅಂದು ಎಲ್ಲರ ಮನೆಯ ಮಗ. ಕಲ್ಲು ಮುಟ್ಟುವ ಮುಂಚೆ ಪ್ರತಿ ಮನೆಯ ಹೋಳಿಗೆ ಅವನ ಹೊಟ್ಟೆ ಸೇರಬೇಕು. ಒಲ್ಲೆ ಅಂದರೆ ಆ ಮನೆಯ ಹೊಲಕ್ಕೆ ಮಳೆ ತಪ್ಪುತ್ತದೆಂಬ ಹೆದರಿಕೆ. ಆ ವರ್ಷ ಎತ್ತುವ ಸರದಿ ಮಾರೆಪ್ಪನದು; ದಾಕ್ಷಿಣ್ಯದ ಮನುಷ್ಯ, ಯಾರಿಗೂ ಒಲ್ಲೆ ಅನ್ನಲಿಲ್ಲ. ಸಂಜೆ ಕಲ್ಲನ್ನು ತಬ್ಬಿ ಮೊಣಕಾಲಿನ ತನಕ ತಂದವನೇ, ಉಂಡದ್ದನ್ನೆಲ್ಲ ಅದರ ಮೇಲೇ ಕಾರಿದ. ಊರು ಬಿದ್ದು ಬಿದ್ದು ನಕ್ಕಿತು.

ಗರಡಿಯ ಉಸ್ತಾದ ಮಕ್ಬುಲಸಾಬ ಮಾತ್ರ ನಗಲಿಲ್ಲ. ಮರುವರ್ಷ ಹಬ್ಬಕ್ಕೆ ಮುಂಚೆ ಮನೆಗೇ ಬಂದ.

"ನೋಡಬೇ ಕರಿಯವ್ವ, ಖಾಲಿ ಹೊಟ್ಟಿ ಕಾಲು ನಡುಗಸ್ತೈತಿ, ತುಂಬಿದ ಹೊಟ್ಟಿ ಉಸಿರು ಕಟ್ಟಸ್ತೈತಿ. ಮುಂಜಾನಿ ಅಂಬಲಿ ಕೊಡು, ಮಧ್ಯಾಹ್ನ ಎರಡು ಉತ್ತತ್ತಿ. ಉಳಿದದ್ದೆಲ್ಲಾ ಎತ್ತಿದ ಮ್ಯಾಲ. ಈ ಸಲನೂ ಸೋತರ ಮತ್ತ ಗರಡಿಗೆ ಕಾಲಿಡಬಾರದು ಅಂತ ಹಿರ್ಯಾರು ಹೇಳ್ಯಾರ."

"ಗರಡಿ ತಪ್ಪಿದರ ಅವ ಬದುಕೂದಿಲ್ಲರಿ," ಎಂದಳು ಕರಿಯವ್ವ. ವರ್ಷವಿಡೀ ತಲೆ ತಗ್ಗಿಸಿ ತಿರುಗಿದ ತಮ್ಮನನ್ನು ನೋಡಿ ನೋಡಿ ಅವಳ ಕರುಳು ಸುಟ್ಟುಹೋಗಿತ್ತು.

ಹಬ್ಬದ ದಿನ ಮಾರೆಪ್ಪನಿಗೆ ಅಂಬಲಿ ಕುಡಿಸಿ ಒಳಗೆ ಕೂರಿಸಿದಳು. ತಾನು ಹೊಸ್ತಿಲ ಮೇಲೆ ಕೂತಳು. ಎದುರು ಮನೆಯ ಪಾರ್ವತೆಮ್ಮ ತುಪ್ಪ ಸುರಿದ ಹೋಳಿಗೆಯ ತಾಟು ಹಿಡಿದು ಮೊದಲು ಬಂದಳು.

"ಎಲ್ಲ್ಯದಾನ ನಿಮ್ಮ ಪೈಲವಾನ?"

"ಒಳಗ ಅದಾನ್ರಿ. ಇಲ್ಲೇ ಕೊಡ್ರಿ, ನಾ ಉಣ್ತೀನಿ."

"ಅಯ್ಯ! ನೀ ಉಂಡ್ರ ನಮ್ಮ ಹೊಲಕ್ಕ ಮಳಿ ಬರತೈತೇನ?"

"ಒಬ್ಬಾಕಿ ಹೊಟ್ಯಾಗ ಹುಟ್ಟೀವ್ರಿ, ಒಂದ ರೊಟ್ಟಿ ಹಂಚ್ಕೊಂಡು ಬೆಳದೀವಿ. ನಾ ಉಂಡ್ರ ಅವ ಉಂಡಂಗ. ಅಲ್ಲಂತೀರೇನು?"

ಆ ಅರ್ಧ ರೊಟ್ಟಿಯನ್ನು ಓಣಿಯೇ ಕಣ್ಣಾರೆ ಕಂಡಿತ್ತು. ಪಾರ್ವತೆಮ್ಮ ತಾಟನ್ನು ಅವಳ ಕೈಗಿಟ್ಟಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತಿನಲ್ಲೇನೋ ಗೆದ್ದಳು. ಊಟ? ಒಂದಿಡೀ ರೊಟ್ಟಿ ಉಂಡು ಗೊತ್ತಿಲ್ಲದ ಆ ಹೆಣ್ಣುಮಗಳು ಓಣಿಯ ಅಷ್ಟೂ ಮನೆಗಳ ಹೋಳಿಗೆಯನ್ನು ಕೂತಲ್ಲೇ ಉಂಡಳು. ಕಣ್ಣಲ್ಲಿ ನೀರು, ಹಣೆಯಲ್ಲಿ ಬೆವರು. ಒಂದು ತಾಟನ್ನೂ ಹಿಂದಕ್ಕೆ ಕಳಿಸಲಿಲ್ಲ. ಭಲೇ ಕರಿಯವ್ವ!

ಸಂಜೆ ಗರಡಿಯ ಕಡೆಯಿಂದ ಹಲಗೆಯ ಬಡಿತ ಕೇಳಿತು, ಜನ ಕೇಕೆ ಹಾಕಿದರು. ಅವಳಿಗೆ ಎದ್ದು ಹೋಗಿ ನೋಡಲೂ ಆಗಲಿಲ್ಲ. ಅಷ್ಟರಲ್ಲಿ ಮಾರೆಪ್ಪನೇ ಓಡುತ್ತ ಬಂದ, ಮೈತುಂಬ ಗರಡಿಯ ಕೆಮ್ಮಣ್ಣು.

"ಎತ್ತಿದೇನೋ?"

"ಎತ್ತಿದೆ ಯಕ್ಕಾ!"

"ಒಳಗ ರೊಟ್ಟಿ, ಪುಂಡಿಪಲ್ಯ ಇಟ್ಟೀನಿ. ಮೊದಲ ಉಸಿರು ಇಳೀಲಿ, ಆಮ್ಯಾಲ ಉಣ್ಣು. ನನಗ ಏಳಾಕ ಬರವಲ್ದೋ ತಮ್ಮಾ."

ಮಾರೆಪ್ಪ ಬಗ್ಗಿ ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಹಿಂದೆ ಬಂದ ಜನ ಮತ್ತೆ ಕೇಕೆ ಹಾಕಿದರು.

"ಕಲ್ಲು ಹಗುರ ಇತ್ತಬೇ ಯಕ್ಕಾ," ಎಂದವನು ಅವಳ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟ.