ಅವ್ವ ಮಡಿಕೇರಿಯನ್ನು ನೋಡಲು ಹೋದದ್ದು

ಬಿಳಿ ದೊರೆಗಳು ರಜೆಯ ಮೇಲೆ ಹಡಗು ಹತ್ತಿ ತಮ್ಮ ಸೀಮೆಗೆ ಹೋದಾಗ ಅವರ ಕಾರು ಅಪ್ಪನ ಕೈಯಲ್ಲಿ ಉಳಿಯಿತು. ಮಾದಾಪುರದ ಆಚೆಯ ಆ ಎಸ್ಟೇಟಿಗೆ ಅಪ್ಪ ಡ್ರೈವರು. ನಿಂತಲ್ಲೇ ನಿಂತರೆ ಗಾಡಿ ಕೆಡುತ್ತದೆ, ಆಗಾಗ ಓಡಿಸುತ್ತಿರು, ಬೇಕಾದರೆ ಮನೆಯವರನ್ನೂ ಕೂರಿಸಿಕೋ ಎಂದು ದೊರೆಗಳೇ ಹೇಳಿ ಹೋಗಿದ್ದರು. ಅಪ್ಪ ಮಾತ್ರ ಖಾಲಿ ಕಾರನ್ನೇ ಸೇತುವೆಯ ತನಕ ಓಡಿಸಿ, ತಿರುಗಿಸಿ ತಂದು, ಒರೆಸಿ ನಿಲ್ಲಿಸುತ್ತಿದ್ದ.

ನನ್ನ ಓದಿನ ಮಾತು ಎದ್ದದ್ದೂ ಆ ವರ್ಷವೇ. ಊರ ಶಾಲೆ ಕಲಿಸುವಷ್ಟನ್ನು ಕಲಿಸಿ ಮುಗಿಸಿತ್ತು. ಮುಂದೆ ಓದಬೇಕೆಂದರೆ ಮಡಿಕೇರಿ. ಅಲ್ಲೊಬ್ಬ ಟೀಚರಮ್ಮ ತಮ್ಮ ಮನೆಯಲ್ಲೇ ನಾಲ್ಕಾರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಶಾಲೆಗೆ ಕಳಿಸುತ್ತಿದ್ದರು. ಶಾಲೆ ತೆರೆಯುವುದು ಮಳೆಗಾಲ ಹಿಡಿದ ಮೇಲೆ. ಅಪ್ಪನಿಗೆ ಮನಸ್ಸಿತ್ತು. ಅವ್ವ ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ ಹೇಳಿದಳು:

"ಹೆಣ್ಣು ಕೊಡೋಕೆ ಮುಂಚೆ ಮನೆ ನೋಡ್ತಾರೆ. ನಾನು ನೋಡ್ದೆ ಕೊಡಲ್ಲ."

"ಕೊಡೋದಲ್ಲ ಕಣೇ, ಓದೋಕೆ ಬಿಡೋದು."

"ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಎರಡೂ ಒಂದೇಯ."

ಗಂಡಿನ ಮನೆ ನೋಡಲು ಹೋದವರು ಒಪ್ಪಿಗೆಯಾಗುವ ತನಕ ಅಲ್ಲಿ ತೊಟ್ಟು ನೀರು ಮುಟ್ಟಬಾರದು ಎಂಬುದು ನಮ್ಮವರ ರೂಢಿ. ಕುಡಿದರೆ ಹೆಣ್ಣು ಕೊಟ್ಟಂತೆಯೇ. ಅವ್ವ ಅದನ್ನೇ ಹಿಡಿದಳು. ಅವಳು ಮಡಿಕೇರಿಯಲ್ಲಿ ನೀರು ಕುಡಿದರೆ ನನಗೆ ಶಾಲೆ. ಕುಡಿಯದಿದ್ದರೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟದಲ್ಲಿ ಕಾಫಿಹಣ್ಣಿನ ಪಿಕ್ಕಿಂಗು. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು, ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ. ಆದರೆ ಆ ಬಿ.ಎ. ಒಂದು ದಿನ ಅವ್ವನ ಒಣಗಿದ ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು.

ಹೂಮಳೆ ಬಿದ್ದು ಕಾಫಿ ಅರಳಿದ್ದ ವಾರ ಹೊರಟೆವು. ಅವ್ವ ಮದುವೆಯ ಸೀರೆ ಉಟ್ಟಿದ್ದಳು. ಹಿಂದಿನ ಸೀಟು ದೊರೆಗಳದೆಂದು ಅಪ್ಪ ನಮ್ಮಿಬ್ಬರನ್ನೂ ಮುಂದೆಯೇ ಕೂರಿಸಿದ. ನಡುವೆ ನಾನು, ಗೇರಿಗೆ ಮೊಣಕಾಲು ತಾಗದಂತೆ ಮುದುಡಿಕೊಂಡು. ಎಲ್ಲಿ ಹೂವು ಮುಗಿದು ಎಲ್ಲಿ ಮಂಜು ಶುರುವಾಯಿತೋ ತಿಳಿಯುತ್ತಿರಲಿಲ್ಲ. ಎರಡೂ ಬಿಳಿ, ಎರಡಕ್ಕೂ ಒಂದೇ ವಾಸನೆ. ಮರಗಳು ಒಂದೊಂದಾಗಿ ಮಂಜಿನಿಂದ ಹೊರಗೆ ಬಂದು, ನಮ್ಮನ್ನು ನೋಡಿಕೊಂಡು, ಹಿಂದಕ್ಕೆ ಹೋಗುತ್ತಿದ್ದವು. ಕಾರು ಓಡುತ್ತಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಯಾರೋ ನಮ್ಮನ್ನು ತೊಟ್ಟಿಲಲ್ಲಿಟ್ಟು ಬೆಟ್ಟಗಳನ್ನು ಒಂದೊಂದಾಗಿ ತೋರಿಸುತ್ತಿದ್ದಂತಿತ್ತು. ಕಣ್ಣು ಮುಚ್ಚಿಕೊಂಡೇ ಕೂತಿದ್ದ ಅವ್ವ ಹಟ್ಟಿಹೊಳೆ ದಾಟಿದ ಮೇಲೆ ಕಣ್ಣು ಬಿಟ್ಟಳು. ಮಂಜು ಹರಿದ ಕಡೆ ನಮ್ಮ ಕೋಟೆಬೆಟ್ಟ ಕಾಣಿಸಿತು.

"ಇದ್ಯಾಕೆ ನಮ್ಮ ಹಿಂದೇನೇ ಬತ್ತದೆ?"

"ಮನೆ ನೋಡೋಕೆ ಹೋಗೋವಾಗ ಹಿರೀಕರು ಒಬ್ಬರಾದ್ರೂ ಬೇಡ್ವಾ?" ಎಂದ ಅಪ್ಪ.

ಮಡಿಕೇರಿಯ ಏರಿನಲ್ಲಿ ಕಾರು ಕುದಿಯಿತು. ತಿರುವಿನಲ್ಲಿ ಬಂಡೆಯ ಸಂದಿನಿಂದ ಒರತೆಯೊಂದು ಸುರಿಯುತ್ತಿತ್ತು. ಅಪ್ಪ ಡಬ್ಬದಲ್ಲಿ ನೀರು ಹಿಡಿದು ತಂದು ರೇಡಿಯೇಟರಿಗೆ ಹೊಯ್ದು, "ನೋಡು, ಗಾಡಿ ಮಡಿಕೇರಿ ನೀರು ಕುಡೀತು. ಅದರ ಕಡೆಯಿಂದ ಒಪ್ಪಿಗೆ" ಎಂದ.

"ಅದಕ್ಕೇನು, ಹೆಣ್ಣುಮಕ್ಕಳಿದಾವಾ?" ಎಂದಳು ಅವ್ವ.

ಟೀಚರಮ್ಮನ ಮನೆಯಲ್ಲಿ ಅವ್ವ ಏನನ್ನೂ ಬಿಡಲಿಲ್ಲ. ಬಾವಿಯಿಂದ ಒಂದು ಕೊಡ ಸೇದಿ, ನೀರಿನ ಬಣ್ಣ ನೋಡಿ, ಗಿಡದ ಬುಡಕ್ಕೆ ಸುರಿದಳು. ನಾನು ಮಲಗಬೇಕಾದ ಕೋಣೆಯ ಚಿಲಕ ಹಾಕಿ ತೆಗೆದಳು. ಅನ್ನದ ಪಾತ್ರೆಯ ಮುಚ್ಚಳ ಸರಿಸಿ ಅಗುಳೊಂದನ್ನು ಹಿಸುಕಿದಳು.

"ನನ್ನ ಅತ್ತೇನೂ ಇಷ್ಟು ನೋಡಿರ್ಲಿಲ್ಲಮ್ಮ" ಎಂದು ಟೀಚರಮ್ಮ ನಕ್ಕು, ಕಾಫಿ ತಂದಿಟ್ಟರು.

"ದಾರೀಲಿ ಆಯ್ತು ಅಮ್ಮಾ, ಈಗ ಬ್ಯಾಡ."

ದಾರಿಯಲ್ಲಿ ಏನೂ ಆಗಿರಲಿಲ್ಲ. ಬೆಳಗಿನಿಂದ ಅವಳ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಲೋಟದ ಮೇಲೆ ಕೆನೆ ಕಟ್ಟುವುದನ್ನು ನಾನು ನೋಡುತ್ತಾ ಕೂತೆ.

ಅವ್ವ ಎದ್ದು ಹಿತ್ತಿಲಿಗೆ ಹೋದಳು. ನಾವೂ ಹೋದೆವು. ಕೆಳಗೆ ಕಣಿವೆ ತುಂಬಾ ಮಂಜು, ತುಂಬಿದ ಕೆರೆಯ ಹಾಗೆ ಅಲುಗಾಡದೆ ನಿಂತಿತ್ತು. ಅದರ ಆಚೆ ದಡದಲ್ಲಿ ಬೆಟ್ಟಗಳು.

"ಆ ದೊಡ್ಡದು ಯಾವುದು?"

"ನಮ್ಮ ಕೋಟೆಬೆಟ್ಟವೇ" ಎಂದ ಅಪ್ಪ.

"ಸುಳ್ಳು. ನಮ್ಮದು ಹಿಂಗಿಲ್ಲ."

"ನಾವು ದಿನಾ ನೋಡೋದು ಅದರ ಮುಖ. ಇದು ಬೆನ್ನು."

ಅವ್ವ ಆ ಬೆನ್ನನ್ನು ತುದಿಯಿಂದ ಮಂಜಿನ ತನಕ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಟೀಚರಮ್ಮನಿಗೆ ಕೈಮುಗಿದು, ಬಂದು ಕಾರಿನಲ್ಲಿ ಕೂತಳು. ಕಾಫಿ ಜಗಲಿಯ ಮೇಲೆಯೇ ಉಳಿಯಿತು.

ಕಾರು ಇಳಿಜಾರು ಹಿಡಿಯಿತು. ಅಪ್ಪನ ತಮಾಷೆಯೂ ಮುಗಿದಿತ್ತು. ಮಂಜು ಮತ್ತೆ ಬಂದು ರಸ್ತೆಯನ್ನೂ ಮರಗಳನ್ನೂ ಒಳಗೆ ಹಾಕಿಕೊಂಡಿತು. ಹೋಗುವಾಗ ಕಂಡ ಬೆಟ್ಟಗಳೆಲ್ಲ ನಾನು ನಿದ್ದೆಯಲ್ಲಿ ಕಂಡವೇ ಇರಬೇಕು ಅನ್ನಿಸಿತು.

"ನಿಲ್ಸಿ" ಎಂದಳು ಅವ್ವ. ಅದೇ ತಿರುವು, ಅದೇ ಒರತೆ.

"ಗಾಡಿ ಕಾದಿಲ್ವಲ್ಲ."

"ಗಾಡಿಗಲ್ಲ."

ಅವಳು ಇಳಿದಳು. ಸೊಂಟದಿಂದ ಕೆಳಗೆ ಮಂಜು, ನೆಲ ಮುಟ್ಟದೆ ನಡೆದಂತೆ ಬಂಡೆಯ ಹತ್ತಿರ ಹೋಗಿ, "ಇದು ಮಡಿಕೇರಿ ಗುಡ್ಡದ ನೀರೇ ತಾನೆ?" ಎಂದು ಕೇಳಿದಳು. ಅಪ್ಪ ಹೂಂ ಅಂದ. ಅವಳು ಬೊಗಸೆಯೊಡ್ಡಿ ಕುಡಿದಳು. ಇನ್ನೊಂದು ಬೊಗಸೆ ಕುಡಿದಳು. ಮೂರನೆಯದನ್ನು ನನಗೆಂದು ತಂದಳು. ನನ್ನ ಬಾಯಿಗೆ ಬರುವಷ್ಟರಲ್ಲಿ ಬೆರಳ ಸಂದಿಯಿಂದ ಸೋರಿ ಉಳಿದದ್ದು ಒಂದು ಗುಟುಕು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

"ಅಲ್ಲೇ ಕುಡೀಬೌದಿತ್ತಲ್ಲ, ಮಾರಾಯ್ತಿ" ಎಂದ ಅಪ್ಪ.

"ಅವರ ಮನೇಲಿ ಕುಡಿದ್ರೆ ಅವರಿಗೆ ಕೊಟ್ಟಂಗೆ. ನಾನು ಯಾರಿಗೂ ಕೊಟ್ಟಿಲ್ಲ. ಓದೋಕೆ ಬಿಟ್ಟಿದೀನಿ, ಅಷ್ಟೇಯ."

ಅಪ್ಪ ಇಳಿದು, ಅದುವರೆಗೆ ನಮಗೆಂದು ಒಮ್ಮೆಯೂ ತೆರೆಯದಿದ್ದ ಹಿಂದಿನ ಬಾಗಿಲನ್ನು ತೆರೆದು ಹಿಡಿದ. "ಓದೋಳು ಹಿಂದೆ ಕೂರ್ಲಿ."

"ಬ್ಯಾಡ" ಎಂದಳು ಅವ್ವ, ಒದ್ದೆ ಕೈಯಿಂದ ನನ್ನ ಮುಂಗೈ ಹಿಡಿದು. "ಮಳೆಗಾಲ ಹಿಡಿಯೋ ತನಕ ನಡುವೇನೇ ಇರ್ಲಿ."