ಎಷ್ಟು ಜನ?

ಆ ಬೀದಿಯಲ್ಲಿ ಮಾಂಸದಂಗಡಿಯವನ ನಿಜವಾದ ಹೆಸರು ಬಲ್ಲವರು ಇಬ್ಬರೇ. ಒಬ್ಬ, ಅವನಿಗೆ ಲೈಸೆನ್ಸ್ ಬರೆದುಕೊಟ್ಟ ಗುಮಾಸ್ತ. ಅವನು ಬರೆದ ಮರುಗಳಿಗೆಯೇ ಮರೆತಿದ್ದ. ಇನ್ನೊಬ್ಬಳು ಹೆಂಡತಿ; ಅವಳು ಮೂವತ್ತು ವರ್ಷದಿಂದ ‘ರೀ’ ಎನ್ನುವುದರಾಚೆಗೆ ಹೋಗಿರಲಿಲ್ಲ. ಮಿಕ್ಕವರಿಗೆಲ್ಲ ಅವನು ‘ಎಷ್ಟುಜನ’.

ಈ ಹೆಸರು ಅವನು ದುಡಿದು ಸಂಪಾದಿಸಿದ್ದು. ಯಾರೇ ಬಂದು “ಒಂದು ಕಿಲೋ ಕೊಡಪ್ಪ” ಎಂದರೂ ಅವನ ಕೈ ಮಚ್ಚಿನ ಹಿಡಿಯ ಮೇಲೆಯೇ ನಿಂತಿರುತ್ತಿತ್ತು.

“ಎಷ್ಟು ಜನ?”

“ಏನು ಎಷ್ಟು ಜನ?”

“ತಿನ್ನೋರು.”

“ಮೂರು ಜನ.”

“ಮೂರು ಜನಕ್ಕೆ ಒಂದು ಕಿಲೋನಾ? ಮೂರನೆಯವರು ಹುಲಿನಾ?”

ಹೀಗೆ ಹೇಳಿ, ಮೂವರಿಗೆ ಎಷ್ಟು ಬೇಕೋ ಅಷ್ಟೇ ಕಡಿದು ಕಾಗದದಲ್ಲಿ ಸುತ್ತಿ ಕೊಡುವನು. ಅಂಗಡಿಯಲ್ಲಿ ತಕ್ಕಡಿ ಇತ್ತು, ಆದರೆ ಅವನ ಅಂದಾಜು ಅದಕ್ಕಿಂತ ತೂಕದ್ದು. ಹೊಸಬರು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು. ಮುಂದಿನ ವಾರ ಮತ್ತೆ ಬರುತ್ತಿದ್ದರು. ಈ ಪ್ರಶ್ನೆ ಅವನಿಗೆ ಅಪ್ಪನಿಂದ ಬಂದ ಆಸ್ತಿ, ನಡುವೆ ತಟ್ಟೆಯಂತೆ ಗುಳಿಬಿದ್ದ ಮರದ ದಿಮ್ಮಿಯ ಜೊತೆಗೆ ಬಂದದ್ದು. ಅಪ್ಪ ಹೇಳುತ್ತಿದ್ದುದು ಇಷ್ಟೇ: “ಕುರಿ ಒಂದ್ಸಲ ಸಾಯುತ್ತೆ. ನೀನು ಮಿಗಿಸಿ ಬಿಸಾಕಿದರೆ ಎರಡನೇ ಸಲ ಸಾಯಿಸಿದ ಹಾಗೆ.”

ಪ್ರಶ್ನೆ ಕೇಳಿ ಕೇಳಿ ಬೀದಿಯ ಜನಗಣತಿಯೇ ಅವನ ತಲೆಯಲ್ಲಿ ಕೂತಿತ್ತು. ಯಾರ ಮನೆಗೆ ಸೊಸೆ ಬಂದಳು, ಯಾರ ಮಗ ಬೇರೆ ಮನೆ ಮಾಡಿದ, ಎಲ್ಲ ಅವನಿಗೆ ಅಂಕಿಯಲ್ಲೇ ಗೊತ್ತಾಗುತ್ತಿತ್ತು. ಮೂಲೆಮನೆಯ ರಿಟೈರ್ಡ್ ಟೀಚರಮ್ಮ ಯಜಮಾನರು ತೀರಿಕೊಂಡ ಮೇಲೂ ಒಂದು ವರ್ಷ “ಇಬ್ಬರು” ಎಂದೇ ಹೇಳುತ್ತಿದ್ದರು. ಎಲ್ಲರನ್ನೂ ತಿದ್ದುವ ಎಷ್ಟುಜನ ಅವರನ್ನು ಮಾತ್ರ ತಿದ್ದಲಿಲ್ಲ. ಇಬ್ಬರಿಗೆ ಕಡಿದು ಕೊಡುತ್ತಿದ್ದ. ಒಂದು ದಿನ ಅವರಾಗಿಯೇ “ಒಬ್ಬಳು” ಎಂದರು. ಅಂದು ಅವನು ಅವರ ಮುಖ ನೋಡದೆ, ದಿಮ್ಮಿಯ ಮೇಲಿನ ಎಲುಬಿನ ಚೂರನ್ನು ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು ಒರೆಸಿದ. ನಿಘಂಟಿನಲ್ಲಿ ಕಟುಕ ಎನ್ನುವ ಮಾತಿಗೆ ಏನೇನು ಅರ್ಥ ಬರೆದಿದ್ದಾರೋ, ಬರೆದವರು ಆ ಅಂಗಡಿಗೆ ಬಂದವರಲ್ಲ.

ಅವನಿಗಿದ್ದುದು ಒಬ್ಬಳೇ ಮಗಳು. ಕಾಲೇಜು ಮುಗಿಸಿದವಳು “ಆಫೀಸಲ್ಲಿ ಕೂತು ಪೆನ್ಸಿಲ್ ಕಡಿಯೋದಕ್ಕಿಂತ ಇದೇ ವಾಸಿ” ಎಂದು ಏಪ್ರನ್ ಕಟ್ಟಿಕೊಂಡು ಆರು ವರ್ಷವಾಗಿತ್ತು. ಕೈ ಅಪ್ಪನಿಗಿಂತ ಸಲೀಸು. ಕೀಲು ಎಲ್ಲಿದೆಯೆಂದು ಹುಡುಕುತ್ತಿರಲಿಲ್ಲ. ಕೀಲೇ ಬಂದು ಕತ್ತಿಯ ಕೆಳಗೆ ಕೂರುತ್ತಿತ್ತು. ಅಂಗಡಿಯ ಬಣ್ಣ ಹೋದ ಬೋರ್ಡನ್ನು ತೆಗೆಸಿ ‘ಅಪ್ಪ ಮತ್ತು ಮಗಳು’ ಎಂದು ಹೊಸದಾಗಿ ಬರೆಸಬೇಕೆಂದು ಎಷ್ಟುಜನ ನಿಶ್ಚಯಿಸಿದ. ಬೋರ್ಡು ಬರೆಯುವವನಿಗೆ ಹೇಳಿಯೂ ಆಗಿತ್ತು.

ಆ ವಾರವೇ, ಸೋಮವಾರ ಮಧ್ಯಾಹ್ನದ ಊಟಕ್ಕೆ ಕೂತಾಗ, ಮಗಳು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

“ನನಗೆ ಬೇಡಮ್ಮ. ಬರೀ ಬೀನ್ಸ್ ಹಾಕು.”

“ಹೊಟ್ಟೆ ಸರಿ ಇಲ್ವಾ?” ಎಂದಳು ತಾಯಿ.

“ಹೊಟ್ಟೆ ಸರಿಯಾಗೇ ಇದೆ. ಇನ್ಮೇಲೆ ಮಾಂಸ ತಿನ್ನಲ್ಲ.”

ಎಷ್ಟುಜನನ ಕೈಯ ತುತ್ತು ದಾರಿಯಲ್ಲೇ ನಿಂತಿತು. “ಇನ್ಮೇಲೆ ಅಂದ್ರೆ? ಇವತ್ತಾ?”

“ಇನ್ಮೇಲೆ ಅಂದ್ರೆ ಇನ್ಮೇಲೆ, ಅಪ್ಪ.”

ಅವಳು ಬೇರೇನೂ ಹೇಳಲಿಲ್ಲ. ಅವನು ಬೇರೇನೂ ಕೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳು ಎಂದಿನಂತೆ ಏಪ್ರನ್ ಕಟ್ಟಿ ತೊಡೆಯ ಭಾಗ ಬಿಡಿಸುತ್ತ ನಿಂತಳು. ಅವನು ಪಕ್ಕದಲ್ಲಿ ನಿಂತು ಆ ಕೈಯನ್ನೇ ನೋಡಿದ. ಕೈಯಲ್ಲಿ ಅಸಹ್ಯವೇನೂ ಕಾಣಲಿಲ್ಲ. ಆದರೆ ಮನಸ್ಸಿಗೆ ಹೊಕ್ಕ ಮುಳ್ಳು ಸುಮ್ಮನಿರುತ್ತದೆಯೇ? ತಾನು ಮೂವತ್ತೈದು ವರ್ಷ ನಿಂತು ಮಾಡಿದ ಕೆಲಸಕ್ಕೆ ಮಗಳು ನಾಚಿಕೊಂಡಳೇ? ಬಾಯಿಗೆ ಬೇಡವಾದದ್ದು ನಾಳೆ ಕೈಗೂ ಬೇಡವಾದರೆ? ಸಂಜೆ ಬೋರ್ಡು ಬರೆಯುವವನಿಗೆ ಫೋನ್ ಮಾಡಿ, “ಸ್ವಲ್ಪ ತಡಿ ಮಾರಾಯ, ಬಣ್ಣ ಯೋಚನೆ ಮಾಡ್ತಾ ಇದ್ದೀನಿ” ಎಂದ.

ಬೀದಿಯಲ್ಲಿ ಸುದ್ದಿಗೆ ಕಾಲು ಬೇರೆ ಬೇಕೆ? ಎದುರಿನ ಕ್ಷೌರದಂಗಡಿಯವನು ಬಾಗಿಲಿಗೆ ಬಂದು ನಿಂತ.

“ಏನಪ್ಪಾ, ನಿನ್ನ ಮಗಳೇ ನಿನ್ನ ಮಾಲು ತಿನ್ನಲ್ವಂತೆ. ಏನ್ ಬೆರೆಸಿದ್ದೀಯಾ?”

“ನಿನ್ನ ತಲೇಲಿ ಒಂದು ಕೂದಲಿಲ್ಲ. ನಾವು ನಿನ್ನ ಹತ್ರ ಬರೋದು ಬಿಟ್ಟಿದ್ದೀವಾ?”

ಮಾತಿನಲ್ಲಿ ಗೆದ್ದ. ಒಳಗೆ ಸೋತಿದ್ದ.

ಇದರ ಮಧ್ಯೆ ಡಾಕ್ಟರು ಬೇರೆ. ಅವರು ಇವನ ಗಿರಾಕಿ, ಇವನು ಅವರ ಗಿರಾಕಿ. ರಕ್ತ ಪರೀಕ್ಷೆಯ ಕಾಗದ ಹಿಡಿದು “ನಿನಗೆ ಕೊಬ್ಬು ಜಾಸ್ತಿಯಾಗಿದೆ” ಎಂದರು.

“ನಾನು ಯಾರ ಹತ್ರಾನೂ ಜೋರಾಗಿ ಮಾತಾಡಿಲ್ವಲ್ಲ ಸಾರ್.”

“ರಕ್ತದಲ್ಲಪ್ಪ.”

“ಹಾಗಾದ್ರೆ ವಂಶದಿಂದ ಬಂದಿರಬೇಕು.”

“ತಟ್ಟೆಯಿಂದ ಬಂದಿದೆ. ಕಡಿಮೆ ಮಾಡು.”

“ಕಡಿ ಅಂದ್ರೆ ಬರುತ್ತೆ ಸಾರ್. ಕಡಿಮೆ ಅನ್ನೋದು ನಮ್ಮ ಮನೆತನದಲ್ಲಿ ಯಾರೂ ಕಲಿತಿಲ್ಲ.”

ಡಾಕ್ಟರು ನಕ್ಕರು, ಮಾತ್ರೆ ಬರೆದರು. ಇವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಅವನ ಚಿಂತೆ ತನ್ನ ರಕ್ತದ್ದಲ್ಲ, ತನ್ನ ರಕ್ತ ಹಂಚಿಕೊಂಡವಳದ್ದು.

ಮೂರು ವಾರ ಕಳೆಯಿತು. ಮಗಳು ಬೀನ್ಸು, ಆಲೂಗಡ್ಡೆ, ಮೊಟ್ಟೆ ತಿಂದುಕೊಂಡು ಗಟ್ಟಿಮುಟ್ಟಾಗಿಯೇ ಇದ್ದಳು. ಸೊರಗಿದ್ದರೆ ಅವನಿಗೆ ಒಂದು ಆಧಾರವಾದರೂ ಸಿಗುತ್ತಿತ್ತು. ಕೊನೆಗೆ ಅವನು, ಗಿರಾಕಿಗೆ ಒಂದು ಎಲುಬಿನಷ್ಟೂ ಮೋಸ ಮಾಡದವನು, ಒಂದು ಕೆಲಸ ಮಾಡಿದ. ಭಾನುವಾರ ಹೆಂಡತಿ ಬಟ್ಟೆ ಒಣಹಾಕಲು ಹೋದಾಗ, ಮಗಳಿಗೆಂದು ಬೇರೆಯಾಗಿ ಇಟ್ಟಿದ್ದ ತರಕಾರಿ ಸೂಪಿಗೆ ಎಲುಬು ಬೇಯಿಸಿದ ನೀರನ್ನು ಒಂದು ಲೋಟ ಸುರಿದ. ನಾಲಿಗೆಗೆ ರುಚಿ ನೆನಪಾದರೆ ಮನಸ್ಸು ತಾನಾಗಿ ಹಿಂದೆ ಬರುತ್ತದೆ ಎಂಬುದು ಅವನ ಲೆಕ್ಕಾಚಾರ. ಮೂಸಿ ನೋಡಿಯೇ ಕುರಿಯ ವಯಸ್ಸು ಹೇಳುವ ಹುಡುಗಿ ಅವಳು ಎಂಬುದನ್ನು ಕಲಿಸಿದವನೇ ಮರೆತಿದ್ದ.

ಮಗಳು ಚಮಚ ಬಾಯಿಯ ಹತ್ತಿರ ಒಯ್ದಳು. ಕುಡಿಯಲಿಲ್ಲ. ಚಮಚವನ್ನು ಬಟ್ಟಲಿನಲ್ಲಿ ಮೆಲ್ಲಗೆ ಇಟ್ಟಳು.

“ಮೊಣಕಾಲಿನ ಎಲುಬು,” ಎಂದಳು. “ನಿನ್ನೆ ಕಡಿದದ್ದು. ಅಮ್ಮ ಮಾಡೋ ಕೆಲಸ ಅಲ್ಲ ಇದು.”

ಅಮ್ಮ ಗಂಡನ ಕಡೆ ನೋಡಿದಳು. ಗಂಡ ಉಪ್ಪಿನ ಡಬ್ಬಿಯ ಕಡೆ ನೋಡಿದ. ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ.

“ತಪ್ಪಾಯ್ತು,” ಎಂದ. ಆಮೇಲೆ ಮೂರು ವಾರದಿಂದ ಕೇಳದೆ ಇಟ್ಟುಕೊಂಡಿದ್ದು ಹೊರಬಂತು. “ನಿನಗೆ ನನ್ನ ಕೆಲಸ ನಾಚಿಕೆಯಾ?”

ಮಗಳು ಅವನನ್ನು ನಿಜಕ್ಕೂ ಆಶ್ಚರ್ಯದಿಂದ ನೋಡಿದಳು. “ನಾಚಿಕೆ ಆಗಿದ್ರೆ ಬೆಳಿಗ್ಗೆ ಐದಕ್ಕೆ ಎದ್ದು ನಿನ್ನ ಜೊತೆ ಬರ್ತಿದ್ನಾ?”

“ಮತ್ತೆ ಯಾಕೆ?”

“ಈಗ ಕೇಳ್ದೆ ನೋಡು.” ಅವಳ ದನಿಯಲ್ಲಿ ಕೋಪವಿರಲಿಲ್ಲ; ಅದಕ್ಕೇ ಅವನಿಗೆ ಹೆಚ್ಚು ತಾಗಿತು. “ಅಪ್ಪ, ಬೀದಿಗೆಲ್ಲ ಕೇಳ್ತೀಯ ಎಷ್ಟು ಜನ ಅಂತ. ಈ ಮನೇಲಿ ಯಾವತ್ತಾದ್ರೂ ಕೇಳಿದ್ದೀಯಾ?”

“ಮನೇಲಿ ಏನು ಕೇಳೋದು? ಮೂರು ಜನ. ನನಗೆ ಗೊತ್ತಿಲ್ವಾ?”

“ಗಿರಾಕಿಗಳು ಅಳತೆಗೆ ತಗೊಂಡು ಹೋಗ್ತಾರೆ. ಮಿಕ್ಕಿದ್ದೆಲ್ಲ ಎಲ್ಲಿಗೆ ಬರುತ್ತೆ? ಬಿಸಾಕಬಾರದು ಅಂತ ಇಲ್ಲಿಗೆ. ಬೆಳಿಗ್ಗೆ ತಿಂದಿದ್ದೀವಿ, ಮಧ್ಯಾಹ್ನ ತಿಂದಿದ್ದೀವಿ, ರಾತ್ರಿ ತಿಂದಿದ್ದೀವಿ. ಹಸಿವಾಗಿದೆ ಅಂತ ಅಲ್ಲ, ಮಿಕ್ಕಿದೆ ಅಂತ. ಒಂದು ದಿನ ಯೋಚನೆ ಮಾಡಿದೆ. ನಾನು ಊಟ ಮಾಡ್ತಿದ್ದೀನಾ, ಇಲ್ಲಾ ಅಂಗಡಿಯ ಕಸದ ಬುಟ್ಟಿನಾ? ಸ್ವಲ್ಪ ದಿನ ಬಿಟ್ಟು ನೋಡೋಣ ಅಂದ್ಕೊಂಡೆ. ಬಿಟ್ಟೆ. ಬೇಕು ಅನಿಸ್ಲಿಲ್ಲ. ಅಷ್ಟೇ.”

“ಹಾಗಾದ್ರೆ ಎಲ್ಲರೂ ಬಿಡಬೇಕು ಅಂತೀಯಾ?”

“ಎಲ್ಲರಿಗೂ ಹೇಳೋಕೆ ನಾನ್ಯಾರು? ಬೇಕಾದವರು ತಿನ್ನಲಿ, ನಾನೇ ಕಡಿದು ಕೊಡ್ತೀನಿ. ನೀನು ಹೇಳಿಕೊಟ್ಟಿದ್ದನ್ನೇ ನಾನು ಮಾಡಿದ್ದು. ಎಷ್ಟು ಜನ ಅಂತ ನನ್ನನ್ನೇ ಕೇಳ್ಕೊಂಡೆ. ತಿನ್ನೋರ ಲೆಕ್ಕದಲ್ಲಿ ನಾನು ಬರ್ಲಿಲ್ಲ.”

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಅವನು ಎಷ್ಟೋ ಜನರ ಮೇಲೆ ಎಸೆದಿದ್ದ. ಈಗ ಅದು ಬೀದಿ ಸುತ್ತಿಕೊಂಡು ಬಂದು ಅವನ ತಲೆಯ ಮೇಲೇ ಬಿತ್ತು. ಅವನದು ಪೂರ್ತಿ ಬದನೆಕಾಯಿಯೂ ಅಲ್ಲ. ಎರಡನೇ ಸಲ ಸಾಯಿಸಬಾರದೆಂದು ಅವನು ಮಿಕ್ಕಿದ್ದೆಲ್ಲವನ್ನೂ ಹೊತ್ತು ತಂದಿದ್ದು ಸುಳ್ಳಲ್ಲ. ಆದರೆ ಹಸಿವಿಲ್ಲದ ಹೊಟ್ಟೆಗೆ ತುರುಕುವುದೂ ಒಂದು ಬಗೆಯ ಬಿಸಾಡುವುದೇ ಎಂದು ಅಪ್ಪ ಹೇಳಿರಲಿಲ್ಲ. ಅಪ್ಪನ ಕಾಲದಲ್ಲಿ ಹಸಿವಿಲ್ಲದ ಹೊಟ್ಟೆಗಳು ಅಷ್ಟಾಗಿ ಇರಲೂ ಇಲ್ಲ.

ಬಟ್ಟಲನ್ನು ತಾನೇ ಎತ್ತಿಕೊಂಡು ಹೋಗಿ, ಆ ಸೂಪನ್ನು ತಾನೇ ಕುಡಿದ. ಬಿಸಾಡಲು ಕೈ ಬರಲಿಲ್ಲ. ಮೂವತ್ತೈದು ವರ್ಷದ ಚಾಳಿ ಒಂದು ಮಧ್ಯಾಹ್ನಕ್ಕೆ ಬಿಡುತ್ತದೆಯೇ?

ಮರುದಿನ ಸಂಜೆ ಅಂಗಡಿಯ ನೆಲ ತೊಳೆಯುವ ಮುಂಚೆ, ಅವನು ಕೊಕ್ಕೆಯ ಮೇಲೆ ಉಳಿದಿದ್ದನ್ನು ಎಂದಿನಂತೆ ಚೀಲಕ್ಕೆ ತುಂಬಲಿಲ್ಲ. ಮನೆಗೆ ಹೋಗಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು, ಹೆಂಡತಿಯನ್ನು ಗಿರಾಕಿಯಂತೆ ಕೇಳಿದ.

“ಎಷ್ಟು ಜನ?”

ಹೆಂಡತಿ ಆಲೂಗಡ್ಡೆ ಸುಲಿಯುತ್ತಿದ್ದವಳು ತಲೆ ಎತ್ತಿದಳು. “ಏನ್ರೀ ಇದು?”

“ಅವಳಂತೂ ಇಲ್ಲ. ನಾನು, ನೀನು. ಇಬ್ಬರು ಅಂತ ಹಿಡೀಲಾ?”

“ಒಬ್ಬರು,” ಎಂದಳು ಅವಳು.

“ಹಾಂ?”

“ನನ್ನ ಹಲ್ಲು ಹೋಗಿ ಆರು ವರ್ಷ ಆಯ್ತು. ಹಲ್ಲಿದ್ದಾಗ ಕಡಲೆ ಇರಲ್ಲ ಅಂತಾರೆ, ನನಗೆ ಉಲ್ಟಾ. ಅಂಗಡಿ ತುಂಬ ಮಾಂಸ, ಬಾಯಿ ತುಂಬ ಒಸಡು. ನೀವು ಬೇಜಾರು ಮಾಡ್ಕೋತೀರಾ ಅಂತ ಬಡಿಸ್ಕೊಂಡು, ನೀವು ನೀರು ಕುಡಿಯೋಕೆ ತಲೆ ಎತ್ತಿದಾಗ ನಿಮ್ಮ ತಟ್ಟೆಗೇ ಹಾಕ್ತಿದ್ದೆ.”

ಎಷ್ಟುಜನ ಜೇಬಿಗೆ ಕೈ ಹಾಕಿದ. ಡಾಕ್ಟರ ಕಾಗದ ಬೆರಳಿಗೆ ಸಿಕ್ಕಿತು. ಆರು ವರ್ಷದಿಂದ ಇಬ್ಬರ ಪಾಲು. ಈಗ ಮೂರು ವಾರದಿಂದ ಮೂವರ ಪಾಲು. ಬೀದಿಯ ಮನೆಮನೆಯ ತಲೆ ಎಣಿಸಿದವನ ಸ್ವಂತ ಮನೆಯ ಗಣತಿ ಆರು ವರ್ಷ ತಪ್ಪಾಗಿತ್ತು. ಮೂರನೆಯವರು ಹುಲಿನಾ ಎಂದು ಎಲ್ಲರನ್ನೂ ಕೇಳುತ್ತಿದ್ದನಲ್ಲ, ಹುಲಿ ಅವನ ಅಂಗಿಯೊಳಗೇ ಇತ್ತು.

“ಹೇಳ್ಬಾರ್ದಾಗಿತ್ತಾ?” ಎಂದ.

“ಕೇಳ್ಬಾರ್ದಾಗಿತ್ತಾ?” ಎಂದಳು. ಮತ್ತೆ ಆಲೂಗಡ್ಡೆಗೆ ತಲೆ ಬಗ್ಗಿಸಿದಳು.

ಆ ಸಂಜೆ ಅವನು ಹಿಡಿಯಷ್ಟು ಮಾಂಸ ತಂದ. ಮರುದಿನ ಕುರಿ ಕಳಿಸುವವನಿಗೆ ಫೋನ್ ಮಾಡಿ, ವಾರಕ್ಕೆ ಒಂದು ಕಡಿಮೆ ಕಳಿಸು ಎಂದ. ಅವನು “ವ್ಯಾಪಾರ ಇಲ್ವಾ?” ಎಂದು ಕೇಳಿದ್ದಕ್ಕೆ, “ವ್ಯಾಪಾರ ಇದೆ. ಮನೇಲಿ ಗಿರಾಕಿ ಕಮ್ಮಿಯಾದ್ರು” ಎಂದ. ಆಮೇಲೆ ಬೋರ್ಡು ಬರೆಯುವವನಿಗೆ ಮಾಡಬೇಕೆಂದು ನಂಬರು ಒತ್ತಿ, ನಿಲ್ಲಿಸಿ, ಫೋನನ್ನು ದಿಮ್ಮಿಯ ಅಂಚಿಗೆ ಇಟ್ಟು, ಕತ್ತಿ ಮಸೆಯುತ್ತಿದ್ದ ಮಗಳ ಕಡೆ ತಿರುಗಿದ. ಈ ಸಲ ತಾನೇ ತೀರ್ಮಾನಿಸಿಬಿಡಲು ಅವನಿಗೆ ಧೈರ್ಯವಾಗಲಿಲ್ಲ.

“ಬೋರ್ಡಿಗೆ ನಿನ್ನನ್ನೂ ಹಾಕ್ಬೇಕು ಅಂತಿದ್ದೆ,” ಎಂದ. “ಹಾಕ್ಲಾ?”

ಅವಳು ಕತ್ತಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. “ಮೊದಲೇ ಹೇಳಿದ್ಯಂತೆ ಅವನಿಗೆ. ಬೀದಿಗೆಲ್ಲ ಗೊತ್ತು. ಮೂರು ವಾರದಿಂದ ನಾನು ಯೋಚನೆ ಮಾಡ್ತಿದ್ದೀನಿ, ಅಪ್ಪ ಯಾಕೆ ಬೇಡ ಅಂದ್ಕೊಂಡ ಅಂತ.”

ಅವಳು ಉತ್ತರಕ್ಕೆ ಕಾಯಲಿಲ್ಲ. “ಹಾಕ್ಸು,” ಎಂದಳು. “ಅಕ್ಷರ ದಪ್ಪ ಇರಲಿ.”

ಗುರುವಾರ ಬೋರ್ಡು ಬರೆಯುವವನು ಏಣಿ ಹಾಕಿಕೊಂಡು ಹತ್ತಿದ. ‘ಅಪ್ಪ ಮತ್ತು’ ಬರೆದು ಮುಗಿಸಿ, ಕುಂಚ ಎತ್ತಿ ಹಿಡಿದು ಕೆಳಗೆ ಬಗ್ಗಿದ.

“ಮಗಳು ತಿನ್ನಲ್ವಂತಲ್ಲ?”

“ಬೋರ್ಡೂ ತಿನ್ನಲ್ಲ,” ಎಂದಳು ಮಗಳು. “ನೀವು ಬರೀರಿ.”

ಬರೆದ. ಕೆಳಗೆ ಒಂದು ಗೇಣು ಜಾಗ ಉಳಿಯಿತು. “ಇಲ್ಲಿ ‘ಎಷ್ಟು ಜನ?’ ಅಂತ ಹಾಕ್ಬಿಡ್ಲಾ? ಚೆನ್ನಾಗಿರುತ್ತೆ.”

“ಬೇಡ,” ಎಂದ ಎಷ್ಟುಜನ. “ಬರೆದಿಟ್ರೆ ಜನ ಓದ್ಕೊಂಡು ಒಳಗೆ ಬರ್ತಾರೆ. ಉತ್ತರ ಕೊಡಲ್ಲ.”

ಏಣಿಯ ಕೆಳಗಿನಿಂದ ತಲೆ ತಗ್ಗಿಸಿಕೊಂಡು ಯಾರೋ ಹೊಸಬರು ಒಳಗೆ ಬಂದರು. ಕೈಯಲ್ಲಿ ದೊಡ್ಡ ಚೀಲ. “ಎರಡು ಕಿಲೋ ಕೊಡಿ,” ಎಂದರು. ಅವನು ಅಭ್ಯಾಸಬಲದಿಂದ ಬಾಯಿ ತೆರೆದ. ಅಷ್ಟರಲ್ಲಿ ದಿಮ್ಮಿಯ ಹಿಂದಿನಿಂದ ಮಗಳ ಪ್ರಶ್ನೆ ಬಂದಾಗಿತ್ತು. ಅವನು ಬಾಯಿ ಮುಚ್ಚಿಕೊಂಡು, ಸುತ್ತಿಕೊಡಲು ಕಾಗದ ಹರಿಯತೊಡಗಿದ. ಉತ್ತರ ಬರಲಿ ಎಂದು ಅರ್ಧಕ್ಕೆ ನಿಲ್ಲಿಸಿದ.